ಎಲ್ಲ ಆರಿಸಿದ ಮೇಲೂ ತಿರುಗುತ್ತಿದ್ದ ಮೀಟರು

ವಿದ್ಯುತ್ ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದ ಮೇಲೆ ಅವರು ಕೇಳುವುದು ಎರಡೇ ಪ್ರಶ್ನೆ. ನಿಮಗೆ ಬಡ್ತಿ ಎಷ್ಟು ವರ್ಷಕ್ಕೆ ಸಿಕ್ಕಿತು? ಇಷ್ಟು ವರ್ಷ ಗುಡ್ಡ ಕಾಡು ತಿರುಗಿದ್ದೀರಿ, ಎಲ್ಲಾದರೂ ಕುಲೆ ಕಂಡಿದ್ದೀರಾ? ಕುಲೆ ಎಂದರೆ ನಮ್ಮ ತುಳುವಿನಲ್ಲಿ ಸತ್ತ ಮೇಲೂ ಮನೆ ಬಿಡದವರು. ಮೊದಲ ಪ್ರಶ್ನೆಗೆ ಉತ್ತರ ಒಂದೇ ಮಾತು: ತಡವಾಗಿ. ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದ. ಬಡ್ತಿ ತಡವಾದ ಕಾರಣವೂ ಅದರೊಳಗೇ ಇರುವುದರಿಂದ ಎರಡನ್ನೂ ಒಟ್ಟಿಗೆ ಬರೆದುಬಿಡುತ್ತೇನೆ.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಬಂಟ್ವಾಳದಲ್ಲಿ ಮೀಟರ್ ಪರೀಕ್ಷೆಯ ಕೆಲಸಕ್ಕೆ ಸೇರಿದೆ. ನಮ್ಮ ಕೋಣೆಯ ಕಿಟಕಿಯಿಂದ ಪಾಣೆಮಂಗಳೂರಿನ ಸೇತುವೆ ಕಾಣುತ್ತಿತ್ತು. ಕೆಲಸ ಕಲಿಸಿದವರು ಕಾಮತ್ ಸಾಹೇಬರು. ಇಸ್ತ್ರಿ ಮಾಡಿದ ಅಂಗಿ, ಮೂಗಿನ ತುದಿಯಲ್ಲಿ ಕನ್ನಡಕ, ಬಾಯಿ ತೆರೆದರೆ ಬೈಗುಳ. ಈಗಿನವರು ಕೈಯಲ್ಲಿ ಹಿಡಿಯುವ ಯಂತ್ರ ಎಲ್ಲವನ್ನೂ ಅಂಕೆಯಲ್ಲೇ ತೋರಿಸಿಬಿಡುತ್ತದೆ. ನಮಗೆ ಹಾಗಿರಲಿಲ್ಲ. ಕರೆಂಟ್ ಎಷ್ಟು ಹರಿಯುತ್ತದೆಂದು ತಿಳಿಯಲು ತಂತಿಯನ್ನು ಬಿಚ್ಚಿ ನಡುವೆ ಅಮ್ಮೀಟರ್ ಸೇರಿಸಬೇಕು. ವೋಲ್ಟೇಜನ್ನು ಬೇರೆಯಾಗಿ ಅಳೆಯಬೇಕು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಪ್ರತಿರೋಧ, ಎಷ್ಟು ಓಮ್ ಎಂದು. ಗುಣಿಸಿದರೆ ಶಕ್ತಿ, ಎಷ್ಟು ವ್ಯಾಟ್ ಎಂದು. ನಾಲ್ಕನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಅವರ ಮುಂದೆ ಹಿಡಿಯಬೇಕು. ಅವರು ಅಂಕೆ ನೋಡುವ ಮೊದಲು ಕೇಳುತ್ತಿದ್ದುದು ಬೇರೆಯೇ.

"ಎಲ್ಲಿ ಅಳತೆ ಮಾಡಿದ್ದು? ಲೆಕ್ಕ ಸುಳ್ಳು ಹೇಳುವುದಿಲ್ಲ ಮಾರಾಯ. ಆದ್ರೆ ನೀನು ಅಳೆಯದೆ ಬಿಟ್ಟ ಜಾಗದ ಸುದ್ದಿ ಅದು ಹೇಳುವುದೂ ಇಲ್ಲ."

ಇದನ್ನು ಅವರು ವಾರಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಮುದುಕರ ಚಾಳಿ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಒಮ್ಮೆ ಮೂಡುಬಿದಿರೆಯಿಂದ ಒಂದು ದೂರು ಬಂತು. ಬಸದಿಯ ಹತ್ತಿರದ ಹಳೆಯ ಜೈನರ ಮನೆ. ಆ ಮನೆಯ ಸೊಸೆ ಮುಸ್ಸಂಜೆ ದೀಪ ಹಚ್ಚಿ ತೂಗುಹಾಕಲು ಗೋಡೆಯ ಹಿತ್ತಾಳೆ ಮೊಳೆಗೆ ಕೈ ತಾಗಿಸಿದರೆ ಯಾರೋ ಬೆರಳು ಹಿಡಿದು ಬಿಟ್ಟ ಹಾಗಾಗುತ್ತದೆ. "ಅತ್ತೆ ತೀರಿಹೋಗಿ ಒಂದು ವರ್ಷ ಆಯ್ತು. ಅವರು ಹೀಗೇ ಮೆಲ್ಲಗೆ ಬೆರಳು ಹಿಡೀತಿದ್ರು," ಎಂದರು ಆಕೆ. ಹೇಳುವಾಗ ಅವರಿಗೆ ಹೆದರಿಕೆ ಇದ್ದಂತೆ ಕಾಣಲಿಲ್ಲ. ಹೆದರಿಕೆಯಾದದ್ದು ನನಗೆ.

ಮಳೆ ಬರುತ್ತಿದ್ದ ದಿನ ಅಳೆದೆ. ಇನ್ನೂರ ಇಪ್ಪತ್ತು ವೋಲ್ಟ್, ಸೊನ್ನೆ ಪಾಯಿಂಟ್ ಸೊನ್ನೆ ಐದು ಆಂಪಿಯರ್. ಅಂದರೆ ನಾಲ್ಕು ಸಾವಿರದ ನಾನೂರು ಓಮ್. ಎರಡು ದಿನ ಬಿಸಿಲು ಬಿದ್ದ ಮೇಲೆ ಹೋದರೆ ಅದೇ ಗೋಡೆ ಇಪ್ಪತ್ತೆರಡು ಸಾವಿರ ತೋರಿಸಿತು. ಗಾರೆಯೊಳಗೆ ಒಂದು ತಂತಿಯ ಹೊದಿಕೆ ಕೊಳೆತು, ಒದ್ದೆ ಗೋಡೆಯ ಮೂಲಕ ಕರೆಂಟ್ ಸೋರುತ್ತಿತ್ತು. ತಂತಿ ಬದಲಾಯಿಸಿದೆವು. ಕಾಮತರು ನನ್ನ ನೋಟ್‌ಬುಕ್ ನೋಡಿ ಅಪರೂಪಕ್ಕೆ ಬೈಯದೆ ಹೇಳಿದರು: "ನೆನಪಿಡು, ಗೋಡೆಯ ಪ್ರತಿರೋಧ ಅಲೆದಾಡ್ತದೆ. ಬಲ್ಬಿನದ್ದು ಹಾಗಲ್ಲ. ತಣ್ಣಗಿರುವಾಗ ಅದರ ತಂತಿಯಲ್ಲಿ ಪ್ರತಿರೋಧ ಕಮ್ಮಿ, ಕಾದ ಮೇಲೆ ಜಾಸ್ತಿ. ಅದಕ್ಕೆ ಸ್ವಿಚ್ ಹಾಕಿದ ಕೂಡಲೇ ಸೂಜಿ ಒಮ್ಮೆ ಜಿಗಿದು, ಮತ್ತೆ ಹಿಂದೆ ಬಂದು ಕೂತ್ಕೊಳ್ತದೆ."

ಆ ಸೊಸೆ ಮೊಳೆ ಮುಟ್ಟಿ ನೋಡಿ, "ಈಗ ಏನೂ ಇಲ್ಲ," ಎಂದು ಒಳಗೆ ಹೋದರು. ಧನ್ಯವಾದ ಹೇಳಲಿಲ್ಲ. ನಾನು ಅವರಿಂದ ಏನನ್ನೋ ಕಿತ್ತುಕೊಂಡು ಬಂದೆನೇನೋ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದ್ದು ನೆನಪಿದೆ.

ಕೆಲವು ವರ್ಷಗಳ ಮೇಲೆ ನನ್ನನ್ನು ಬೆಳ್ತಂಗಡಿಗೆ ಮೇಲ್ವಿಚಾರಕನಾಗಿ ಹಾಕಿದರು. ಅಲ್ಲಿ ನನ್ನ ಕೈಕೆಳಗೆ ದೇಜಪ್ಪ ಎಂಬ ಲೈನ್‌ಮ್ಯಾನ್ ಇದ್ದ. ಮನೆ ಚಾರ್ಮಾಡಿಯಲ್ಲಿ, ಘಾಟಿ ಏರುವ ರಸ್ತೆಯ ಬುಡದಲ್ಲಿ. ಕಂಬ ಹತ್ತುವುದರಲ್ಲಿ ಅವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಅವನಿಗೊಂದು ಮಡಿ ಇತ್ತು, ಅದು ಕೈಗವಸಿನ ಮಡಿ. ಒಳಗೆ ರಬ್ಬರು, ಮೇಲೆ ಚರ್ಮ. ಹಾಕುವ ಮೊದಲು ಒಳಗೆ ಮೈಗೆ ಹಚ್ಚುವ ಪೌಡರು ಉದುರಿಸುತ್ತಿದ್ದ. ಹಾಗಾಗಿ ದೇಜಪ್ಪ ಹತ್ತಿರ ಬಂದರೆ ಬೆವರಿನ ಮೊದಲು ಪೌಡರಿನ ವಾಸನೆ ಬರುತ್ತಿತ್ತು, ಮದುಮಗ ಬಂದ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಕೈಗವಸನ್ನು ಆಫೀಸಿನಲ್ಲಿ ಬಿಡುತ್ತಿರಲಿಲ್ಲ. "ಇಲ್ಲಿಯ ಗೋಡೆಗೆ ಬೂಷ್ಟು ಉಂಟು ಸಾರ್. ಒದ್ದೆ ಕೈಗವಸು ಹಾಕಿದ್ರೂ ಒಂದೇ, ಹಾಕದಿದ್ರೂ ಒಂದೇ," ಎಂದು ದಿನಾ ಮನೆಗೆ ಕೊಂಡುಹೋಗುತ್ತಿದ್ದ. ಚಾರ್ಮಾಡಿಯ ಮಳೆಯಲ್ಲಿ ಅದು ಮಾತ್ರ ಹೇಗೆ ಬೂಷ್ಟು ಹಿಡಿಯದೆ ಉಳಿಯುತ್ತದೆಂದು ನಾನು ಕೇಳಲಿಲ್ಲ.

ಈಗ ಆ ದಿನದ ವಿಷಯ. ಮಳೆಗಾಲದ ಒಂದು ಬೆಳಿಗ್ಗೆ ಚಾರ್ಮಾಡಿಯ ಹತ್ತಿರ ಒಂದು ಕಂಬದ ಮೇಲೆ ಎರಡು ಬದಿಯ ತಂತಿಗಳನ್ನು ಜೋಡಿಸುವ ತುಂಡು ಕಡಿದುಹೋಗಿತ್ತು. ನಾನೇ ಹೋಗಿದ್ದೆ. ನಮ್ಮ ಬದಿಯ ಫ್ಯೂಸ್ ತೆಗೆಸಿದೆ. ಪರೀಕ್ಷೆಯ ಬಲ್ಬು ಹಿಡಿದು ನೋಡಿದೆ, ಹತ್ತಲಿಲ್ಲ. ವೋಲ್ಟೇಜ್ ಸೊನ್ನೆ, ಹಾಗಾಗಿ ಕರೆಂಟೂ ಸೊನ್ನೆ. ಹತ್ತು ಎಂದೆ.

ದೇಜಪ್ಪ ಹತ್ತಲಿಲ್ಲ. "ಕೈಗವಸು ತರಲಿಲ್ಲ ಸಾರ್. ಮನೆ ಇಲ್ಲೇ, ಸೈಕಲಲ್ಲಿ ಹೋಗಿ ಬರ್ತೇನೆ. ಅರ್ಧ ಗಂಟೆ."

ನನಗೆ ಹನ್ನೊಂದರ ಬಸ್ಸಿನಲ್ಲಿ ಬಂಟ್ವಾಳಕ್ಕೆ ಹೋಗಲಿತ್ತು. ದೊಡ್ಡ ಕಾರಣವೇನೂ ಅಲ್ಲ. ಒಂದು ಸಭೆ, ಅದರಲ್ಲಿ ನಾನು ಬಾಯಿ ತೆರೆಯುವ ಸಂದರ್ಭವೂ ಇರಲಿಲ್ಲ. "ಲೈನಲ್ಲಿ ಕರೆಂಟ್ ಇಲ್ಲ ಅಂತ ನಾನೇ ನೋಡಿದ್ದೇನಲ್ಲ ಮಾರಾಯ, ಸುಮ್ಮನೆ ಹತ್ತು," ಎಂದು ಗದರಿಸಿದೆ. ಅವನು ನನ್ನ ಮುಖ ನೋಡಿದ. ಹತ್ತಿದ.

ಕಡಿದ ತಂತಿಯ ಆಚೆ ಬದಿಯನ್ನು ನಾನು ಅಳೆದಿರಲಿಲ್ಲ. ಆ ಬದಿಯಲ್ಲಿ ಒಂದು ಅಕ್ಕಿ ಗಿರಣಿ ಇತ್ತು. ಕರೆಂಟ್ ಇಲ್ಲವೆಂದು ಗಿರಣಿಯವರು ಡೀಸೆಲ್ ಜನರೇಟರ್ ಹಚ್ಚಿದರು. ಅದನ್ನು ನಮ್ಮ ಲೈನಿನಿಂದ ಬೇರ್ಪಡಿಸುವ ಸ್ವಿಚ್ಚು ಅವರಲ್ಲಿರಲಿಲ್ಲ. ಗಿರಣಿಯ ಕರೆಂಟು ಹಿಂದೆ ಹರಿದು ಕಂಬಕ್ಕೆ ಬಂತು. ದೇಜಪ್ಪ ಬರಿಗೈಯಲ್ಲಿ ಎರಡೂ ತುದಿ ಹಿಡಿದ. ಉಳಿದದ್ದನ್ನು ಬರೆಯುವುದಿಲ್ಲ.

ತನಿಖೆಯ ವರದಿಯಲ್ಲಿ ಒಂದು ವಾಕ್ಯವಿತ್ತು: 'ಕೈಗವಸು ಧರಿಸದೆ ಕಂಬ ಹತ್ತಿದ್ದು ಮೃತನ ಅಜಾಗ್ರತೆ.' ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಕೆಳಗೆ ನನ್ನ ಸಹಿ ಇತ್ತು. ಅದರ ಪ್ರತಿ ದೇಜಪ್ಪನ ಮನೆಗೂ ಹೋಯಿತು. ಆಮೇಲೆ ಮೂರು ವರ್ಷ ನಾನು ಚಾರ್ಮಾಡಿಯ ಕಡೆ ತಲೆ ಹಾಕಲಿಲ್ಲ. ಆ ಭಾಗದ ದೂರು ಬಂದರೆ ಬೇರೆಯವರನ್ನು ಕಳಿಸುತ್ತಿದ್ದೆ. ಇದಕ್ಕೆ ಹೇಡಿತನ ಎನ್ನದೆ ಬೇರೆ ಶಬ್ದ ಹುಡುಕುವ ವಯಸ್ಸು ನನ್ನದಲ್ಲ.

ಮೂರನೆಯ ವರ್ಷ, ತುಳುವರ ಆಷಾಢವಾದ ಆಟಿ ತಿಂಗಳಲ್ಲಿ, ಮಳೆ ಬಿಡದೆ ಹೊಡೆಯುತ್ತಿದ್ದಾಗ, ಮೀಟರ್ ಓದುವ ಇಸ್ಮಾಯಿಲ್ ನನ್ನ ಮೇಜಿನ ಮುಂದೆ ಬಂದು ನಿಂತ.

"ಸಾರ್, ದೇಜಪ್ಪಣ್ಣನ ಮನೆಗೆ ಇನ್ನು ನಾನು ಒಬ್ಬನೇ ಹೋಗುವುದಿಲ್ಲ. ನನಗೆ ಮೂರು ಮಕ್ಕಳುಂಟು."

"ಎಂತ ಆಯ್ತು?"

"ಲೀಲಕ್ಕ ಒಂದು ತಿಂಗಳು ಮಿಜಾರಿಗೆ ತಾಯಿ ಮನೆಗೆ ಹೋಗಿದ್ರು. ಮೇನ್ ಸ್ವಿಚ್ ತೆಗೆದು ಬೀಗ ಹಾಕಿ ಹೋದದ್ದು. ಮನೆಯಲ್ಲಿ ನರಪಿಳ್ಳೆ ಇಲ್ಲ. ಮೀಟರು ಇಪ್ಪತ್ತೆರಡು ಯೂನಿಟ್ ಓಡಿದೆ. ಲೀಲಕ್ಕನಿಗೆ ಹೇಳಿದೆ. ಅವ್ರು ಎಂತ ಹೇಳಿದ್ರು ಗೊತ್ತುಂಟಾ? 'ಮನೆಯಲ್ಲಿ ಯಾರೂ ಇಲ್ಲ ಅಂತ ನಿನಗೆ ಯಾರು ಹೇಳಿದ್ದು?' ಅಂತ."

ಲೀಲಕ್ಕ ದೇಜಪ್ಪನ ಹೆಂಡತಿ. ಗೋಡೆ ಸೋರುತ್ತಿರಬೇಕು, ತಂತಿ ಬದಲಾಯಿಸಲು ಬೇರೆ ಯಾರನ್ನಾದರೂ ಕಳಿಸುವ ಎಂದು ಬಾಯಿಗೆ ಬಂತು. ಆದರೆ ಸೋರುವ ಗೋಡೆ ಆ ಹೆಂಗಸಿನ ಜೀವ ತೆಗೆದರೆ? ಒಂದೇ ಮನೆಯಲ್ಲಿ ಎರಡನೆಯ ಸಾವು. ಕಾಮತರು ನಿವೃತ್ತರಾಗುವಾಗ ನನಗೆ ಕೊಟ್ಟಿದ್ದ ಹಳೆಯ ಅಮ್ಮೀಟರನ್ನು ಚೀಲಕ್ಕೆ ಹಾಕಿಕೊಂಡೆ. ಅಷ್ಟರಲ್ಲಿ ತಂತಿ ಬಿಚ್ಚದೆ ಅಳೆಯುವ ಇಕ್ಕಳದಂಥ ಮೀಟರು ಬಂದಿತ್ತು, ಆದರೆ ಸಣ್ಣ ಕರೆಂಟಿನ ವಿಷಯದಲ್ಲಿ ನನಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಇಸ್ಮಾಯಿಲನನ್ನು ಕರೆದುಕೊಂಡು ಹೋದೆ.

ನಾವು ಮುಟ್ಟಿದಾಗ ಮಧ್ಯಾಹ್ನ. ಮೋಡ ಕವಿದು ಮುಸ್ಸಂಜೆಯಷ್ಟು ಬೆಳಕಿತ್ತು. ಅಂದು ಲೀಲಕ್ಕ ಸತ್ತವರಿಗೆ ಬಡಿಸುವ ದಿನ. ಆಟಿಯಲ್ಲಿ ನಮ್ಮಲ್ಲಿ ಈ ಕ್ರಮ ಉಂಟು. ಒಳಕೋಣೆಯಲ್ಲಿ ಎಲೆ ಹಾಕಿ, ಅನ್ನ, ಕೋಳಿ ಸಾರು, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕೂರಬೇಕು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು. ಲೀಲಕ್ಕ ಜಗಲಿಯಲ್ಲಿ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

"ನೀವು ಬಂದ್ರಲ್ಲ ಸಾರ್. ಅವ್ರು ಊಟ ಮಾಡ್ತಾ ಇದ್ದಾರೆ. ಕೂತ್ಕೊಳ್ಳಿ."

ಇಸ್ಮಾಯಿಲ್ ಜಗಲಿ ಹತ್ತಲೇ ಇಲ್ಲ, ಅಂಗಳದಲ್ಲಿ ಕೊಡೆ ಹಿಡಿದು ನಿಂತ.

ಮೀಟರು ಜಗಲಿಯ ಗೋಡೆಯಲ್ಲಿತ್ತು. ಮೇನ್ ಸ್ವಿಚ್ ಆರಿಸಿದೆ. ಮನೆಯೊಳಗೆ ಒಂದು ದೀಪವೂ ಇಲ್ಲ. ಮೀಟರಿನ ತಟ್ಟೆ ಮಾತ್ರ ನಿಧಾನವಾಗಿ ತಿರುಗುತ್ತಲೇ ಇತ್ತು. ಅದರ ಅಂಚಿನ ಕಪ್ಪು ಗುರುತು ಬಂತು, ಹೋಯಿತು, ಮತ್ತೆ ಬಂತು. ತಂತಿ ಬಿಚ್ಚಿ ಅಮ್ಮೀಟರ್ ಸೇರಿಸಿದೆ. ಆ ಮನೆ ಲೈನಿನ ಕಟ್ಟಕಡೆಯಲ್ಲಿ ಇದ್ದುದರಿಂದ ವೋಲ್ಟೇಜ್ ಬರೀ ನೂರ ಐವತ್ತೆರಡು. ಕರೆಂಟ್ ಸೊನ್ನೆ ಪಾಯಿಂಟ್ ಎರಡು. ಭಾಗಿಸಿದರೆ ಏಳುನೂರ ಅರವತ್ತು ಓಮ್. ಗುಣಿಸಿದರೆ ಮೂವತ್ತು ವ್ಯಾಟ್. ಹತ್ತು ನಿಮಿಷ ಕಾದೆ. ಜಡಿಮಳೆ ಬಂದು ಗೋಡೆಯೆಲ್ಲ ನೆನೆಯಿತು. ಸೂಜಿ ಕೂದಲೆಳೆಯಷ್ಟೂ ಅಲುಗಲಿಲ್ಲ.

ಸೋರುವ ಗೋಡೆಯಾದರೆ ಸೂಜಿ ಹೀಗೆ ಕೂರುವುದಿಲ್ಲ. ಫ್ಯೂಸ್ ಕಿತ್ತು, ತಟ್ಟೆ ನಿಂತ ಮೇಲೆ ಐದು ನಿಮಿಷ ಬಿಟ್ಟು ಮತ್ತೆ ಹಾಕಿದೆ. ಸೂಜಿ ಒಮ್ಮೆ ಮೇಲಕ್ಕೆ ಜಿಗಿದು, ಹಿಂದೆ ಬಂದು, ಅದೇ ಸೊನ್ನೆ ಪಾಯಿಂಟ್ ಎರಡರಲ್ಲಿ ಕೂತಿತು. ಅರವತ್ತು ವ್ಯಾಟಿನ ಬಲ್ಬಿಗೆ ಪೂರ್ಣ ವೋಲ್ಟೇಜ್ ಸಿಕ್ಕರೆ ಸುಮಾರು ಎಂಟುನೂರ ಎಂಬತ್ತು ಓಮ್ ಇರುತ್ತದೆ. ವೋಲ್ಟೇಜ್ ಕಡಿಮೆಯಾದರೆ ಅದು ಅಷ್ಟು ಕಾಯುವುದಿಲ್ಲ, ಹಾಗಾಗಿ ಓಮೂ ಇಳಿಯುತ್ತದೆ. ಏಳುನೂರ ಅರವತ್ತು ಸರಿಯಾಗಿ ಅದರ ಜಾಗ. ನನಗೆ ಸಂಶಯ ಉಳಿಯಲಿಲ್ಲ. ಕತ್ತಲೆ ತುಂಬಿದ ಆ ಮನೆಯೊಳಗೆ ಎಲ್ಲೋ ಒಂದು ದೀಪ ಉರಿಯುತ್ತಿತ್ತು, ಮತ್ತು ಅದು ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ.

"ಲೀಲಕ್ಕ, ಮನೆಯಲ್ಲಿ ಎಲ್ಲಾದ್ರೂ ಬಿಸಿ ಇರುವ ಜಾಗ ಉಂಟಾ?"

"ನಿಮಗೆ ಹೇಗೆ ಗೊತ್ತಾಯ್ತು?" ಎಂದರು.

ಬಾಗಿಲು ತಟ್ಟಿ ಒಳಕೋಣೆಗೆ ಕರೆದುಕೊಂಡು ಹೋದರು. ನೆಲದಲ್ಲಿ ಎಲೆ, ಅನ್ನದ ಮೇಲೆ ಆವಿ. ತಲೆಯ ಮೇಲೆ ಹಲಗೆಯ ಮುಚ್ಚಿಗೆ, ಕೈಗೆ ಸಿಗುವಷ್ಟು ತಗ್ಗು. ಮನೆಯ ಉಳಿದ ಗೋಡೆಗಳೆಲ್ಲ ಬೂಷ್ಟು ಹಿಡಿದಿದ್ದವು, ಈ ಕೋಣೆ ಮಾತ್ರ ಒಣಗಿತ್ತು. ಲೀಲಕ್ಕ ಒಂದು ಹಲಗೆಗೆ ಅಂಗೈ ಒತ್ತಿ, ನೀವೂ ಮುಟ್ಟಿ ಎಂದು ಸನ್ನೆ ಮಾಡಿದರು. ಮುಟ್ಟಿದೆ. ಆಗಷ್ಟೇ ಎದ್ದುಹೋದವರ ಹಾಸಿಗೆಯ ಹಾಗೆ ಬೆಚ್ಚಗಿತ್ತು.

"ಮೂರು ವರ್ಷದಿಂದ ಹೀಗೇ ಉಂಟು. ಅವ್ರು ಮೇಲೆ ಮಲಗ್ತಾರೆ," ಎಂದರು ಲೀಲಕ್ಕ.

"ಮೇಲೆ ಹತ್ತಿ ನೋಡಲಿಲ್ವಾ?"

"ಇಲ್ಲ. ಮೇಲೆ ಅವರ ಪೆಟ್ಟಿಗೆ ಉಂಟು. ಯಾರೂ ಮುಟ್ಟಬಾರದು ಅಂತಿದ್ರು. ಆಮೇಲೆ ನನಗೆ ಹತ್ತುವ ಮುಖವೂ ಇರಲಿಲ್ಲ."

ಆ ಮಾತು ನನಗೆ ಅರ್ಥವಾಗಲಿಲ್ಲ. ಏಣಿ ಇಟ್ಟು ಅಟ್ಟ ಹತ್ತಿದೆ. ಕಗ್ಗತ್ತಲೆ. ಎರಡು ಹಸಿರು ಕಣ್ಣು ನನ್ನನ್ನೇ ನೋಡುತ್ತಿದ್ದವು. ಅದು ಮನೆಯ ಬೆಕ್ಕು ಎಂದು ತಿಳಿಯುವಷ್ಟರಲ್ಲಿ ನಾನು ಏಣಿಯ ಎರಡು ಮೆಟ್ಟಿಲು ಕೆಳಗೆ ಇಳಿದಾಗಿತ್ತು. ಬೆಕ್ಕು ಮಲಗಿದ್ದುದು ಒಂದು ಮರದ ಪೆಟ್ಟಿಗೆಯ ಮೇಲೆ. ಪೆಟ್ಟಿಗೆಯ ಹಿಂದಿನಿಂದ ಒಂದು ತಂತಿ ತೊಲೆಯ ಮರೆಯಲ್ಲೇ ಇಳಿದು ಮೀಟರಿನ ಕಡೆ ಹೋಗಿತ್ತು. ದೇಜಪ್ಪ ಅದನ್ನು ಮೀಟರಿನ ನಂತರ, ಆದರೆ ಮೇನ್ ಸ್ವಿಚ್ಚಿನ ಮೊದಲು ಜೋಡಿಸಿದ್ದ. ಲೈನ್‌ಮ್ಯಾನ್ ಅಲ್ಲದೆ ಇನ್ಯಾರಿಗೂ ಹೊಳೆಯದ ಕೆಲಸ. ಯಾರೂ ಮರೆತು ಆರಿಸಬಾರದು ಎಂದೇ ಹಾಗೆ ಮಾಡಿದ್ದ.

ಮುಚ್ಚಳ ತೆಗೆದೆ. ಒಳಗೆಲ್ಲ ತಗಡು ಹೊಡೆದಿತ್ತು. ಮೂಲೆಯಲ್ಲಿ ಧೂಳು ಹಿಡಿದ ಒಂದು ಬಲ್ಬು ಮಂಕಾಗಿ, ಕೆಂಪಗೆ ಉರಿಯುತ್ತಿತ್ತು. ಕಡಿಮೆ ವೋಲ್ಟೇಜಿನ ದಯೆಯಿಂದ ಅದರ ತಂತಿ ಸುಟ್ಟುಹೋಗದೆ ಅಷ್ಟು ವರ್ಷ ಉಳಿದಿತ್ತು. ಮೊದಲು ಬಂದದ್ದು ಪೌಡರಿನ ವಾಸನೆ. ಬಲ್ಬಿನ ಎದುರು, ಒಣಗಲೆಂದು ಇಟ್ಟ ಹಾಗೇ, ಒಂದರ ಪಕ್ಕ ಒಂದು ಕೈಗವಸು, ಬೆರಳುಗಳು ಮೇಲಕ್ಕೆ. ಎತ್ತಿಕೊಂಡೆ. ಒಳಗಿನ ರಬ್ಬರು ಶಾಖಕ್ಕೆ ಬಿರುಕು ಬಿಟ್ಟಿತ್ತು. ಚರ್ಮ ಬೆಚ್ಚಗಿತ್ತು, ಜೀವಂತ ಮನುಷ್ಯನ ಕೈ ಹಿಡಿದಷ್ಟೇ ಬೆಚ್ಚಗೆ. ಮೂರು ವರ್ಷದಿಂದ ಅವು ಸಿದ್ಧವಾಗಿ ಕಾಯುತ್ತಿದ್ದವು. ನಾನು ಅಲ್ಲೇ ಮೊಣಕಾಲೂರಿ ಅತ್ತೆ.

ಕೆಳಗೆ ತಂದಾಗ ಲೀಲಕ್ಕ ಕೈಗವಸನ್ನು ತೆಗೆದುಕೊಳ್ಳಲಿಲ್ಲ. ಗೋಡೆಗೆ ಒರಗಿ ಕೂತುಬಿಟ್ಟರು.

"ಅವತ್ತು ಬೆಳಿಗ್ಗೆ ಅವ್ರು ಬೂಟು ಹಾಕಿ ಆಗಿತ್ತು ಸಾರ್. 'ಅಟ್ಟದಿಂದ ಕೈಗವಸು ತೆಗೆದುಕೊಡು' ಅಂದ್ರು. ನನ್ನ ಕೈಯೆಲ್ಲ ಮೀನು. 'ಯಾವಾಗಲೂ ಮುಟ್ಟಬೇಡ ಅಂತೀರಿ, ಇವತ್ತೂ ನೀವೇ ತೆಗೀರಿ' ಅಂದೆ. ಅವ್ರು ನಗಾಡಿ, ಇವತ್ತು ಹತ್ತುವ ಕೆಲಸ ಇಲ್ಲ ಅಂತ ಹೋದ್ರು. ಆಮೇಲೆ ಕಾಗದ ಬಂತಲ್ಲ, ಕೈಗವಸು ಇಲ್ಲದ್ದಕ್ಕೇ ಸತ್ತದ್ದು ಅಂತ. ಕೊಂದದ್ದು ನಾನೇ. ಹಾಗಿದ್ರೂ ಅವ್ರು ಮನೆ ಬಿಟ್ಟು ಹೋಗಲಿಲ್ಲ, ನೋಡಿ."

ಬಾಯಿ ಮುಚ್ಚಿಕೊಂಡು ಜಗಲಿಗೆ ಬಂದು, ಬಲ್ಬು ಸಿಕ್ಕಿತು ಎಂದು ಬರೆದು ಹೊರಟುಬಿಡಬಹುದಿತ್ತು. ನನ್ನ ಕೈಯಲ್ಲಿ ಕೈಗವಸು ಇನ್ನೂ ಬೆಚ್ಚಗಿತ್ತು.

"ಕೊಂದದ್ದು ನೀವಲ್ಲ ಲೀಲಕ್ಕ. ಕಂಬದ ಬುಡದಲ್ಲಿ ಅವನು ಕೇಳಿದ. ಮನೆಗೆ ಹೋಗಿ ತರ್ತೇನೆ ಅಂದ. ನಾನು ಬಿಡಲಿಲ್ಲ. ಗದರಿಸಿ ಹತ್ತಿಸಿದೆ."

ಹೊರಗೆ ಮಳೆ ಸುರಿಯುತ್ತಿತ್ತು. ಅವರು ಅಳಲಿಲ್ಲ, ಬೈಯಲೂ ಇಲ್ಲ.

"ಎಷ್ಟು ಹೊತ್ತು ಬೇಕಿತ್ತು?"

"ಅರ್ಧ ಗಂಟೆ."

"ಬರೀ ಅರ್ಧ ಗಂಟೆ," ಎಂದು ತಮಗೇ ಹೇಳಿಕೊಂಡರು. ಆಮೇಲೆ ನನ್ನ ಕೈಯಿಂದ ಕೈಗವಸು ತೆಗೆದುಕೊಂಡರು. "ಈಗ ಹೇಳಿದ್ದನ್ನು ಬರೆದು ಕೊಡ್ತೀರಾ? ಆ ಕಾಗದದ ಹಾಗೆ, ಸಹಿ ಹಾಕಿ?"

ಬರೆದುಕೊಟ್ಟೆ. ಒಂದು ಪ್ರತಿ ಅವರಿಗೆ, ಒಂದು ಮೇಲಿನವರಿಗೆ. ಆಚೆ ಬದಿ ಅಳೆಯದೆ ಬಿಟ್ಟದ್ದು, ಕೈಗವಸು ತರಲು ಬಿಡದೆ ಇದ್ದದ್ದು, ಬಸ್ಸಿನ ವಿಷಯ, ಎಲ್ಲ. ಮೂರು ವರ್ಷ ಮುಚ್ಚಿಟ್ಟದ್ದಕ್ಕೆ ಸಿಗಬೇಕಾದ ಶಿಕ್ಷೆ ಸಿಕ್ಕಿತು, ಬಡ್ತಿ ಮುಂದೆ ಹೋಯಿತು. ಅದರ ಬಗ್ಗೆ ನನಗೆ ಒಂದು ದಿನವೂ ಬೇಸರವಾಗಿಲ್ಲ. ದೇಜಪ್ಪನ ಹೆಸರಿನ ಮುಂದಿದ್ದ 'ಅಜಾಗ್ರತೆ' ಎಂಬ ಶಬ್ದವನ್ನು ಹೊಡೆದುಹಾಕಿದರು.

ಆ ಬಲ್ಬನ್ನು ತೆಗೆಯುವುದೋ ಎಂದು ಅಂದೇ ಕೇಳಿದ್ದೆ. "ಬಲ್ಬು ಅಂತ ಗೊತ್ತಾಯ್ತು. ಆದ್ರೆ ಹಚ್ಚಿದ್ದು ಅವರೇ ಅಲ್ವಾ? ಇರಲಿ," ಎಂದರು ಲೀಲಕ್ಕ. ಅಪಾಯವಿಲ್ಲದಂತೆ ಹೊಸ ತಂತಿ ಎಳೆದು ಒಂದು ಫ್ಯೂಸ್ ಹಾಕಿಕೊಟ್ಟೆ.

ಎರಡು ವರ್ಷದ ಮೇಲೆ ಚಾರ್ಮಾಡಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂತು. ಊರವರೆಲ್ಲ ವರ್ಷಗಟ್ಟಲೆ ಅರ್ಜಿ ಕೊಟ್ಟು ಕಾದದ್ದು. ಚಾಲೂ ಮಾಡುವ ಕೆಲಸ ನನ್ನದೇ. ಹಿಂದಿನ ದಿನ ಹೋಗಿ ಲೀಲಕ್ಕನಿಗೆ ಹೇಳಿದೆ: "ನಾಳೆ ಪೂರ್ಣ ವೋಲ್ಟೇಜ್ ಬರ್ತದೆ. ಆ ಹಳೆಯ ಬಲ್ಬಿಗೆ ತಡೆಯುವ ಶಕ್ತಿ ಇಲ್ಲ. ಬೇಕಿದ್ರೆ ಇವತ್ತೇ ಬಿಚ್ಚಿ ಜೋಪಾನವಾಗಿ ಇಡುವ."

"ಬೇಡ. ಉರಿದೇ ಹೋಗಲಿ. ಆದ್ರೆ ಆ ಹೊತ್ತಿಗೆ ನೀವು ಇಲ್ಲಿ ಇರಬೇಕು," ಎಂದರು.

ಮರುದಿನ ಇಸ್ಮಾಯಿಲನನ್ನು ಟ್ರಾನ್ಸ್‌ಫಾರ್ಮರಿನ ಹತ್ತಿರ ಇದ್ದವರ ಜೊತೆ ನಿಲ್ಲಿಸಿ, ನಾನು ಆ ಜಗಲಿಯಲ್ಲಿ ಅಮ್ಮೀಟರ್ ಹಿಡಿದು ಕೂತೆ. ಹನ್ನೊಂದಕ್ಕೆ ಕರೆಂಟ್ ಬಂತು. ಇನ್ನೂರ ಇಪ್ಪತ್ತೆಂಟು ವೋಲ್ಟ್, ಸೊನ್ನೆ ಪಾಯಿಂಟ್ ಎರಡು ಆರು ಆಂಪಿಯರ್. ಹೆಚ್ಚುಕಡಿಮೆ ಅರವತ್ತು ವ್ಯಾಟ್, ಬಲ್ಬಿನ ಮೇಲೆ ಬರೆದಷ್ಟೇ. ಒಳಕೋಣೆಯ ಮುಚ್ಚಿಗೆಯ ಸಂದುಗಳಲ್ಲಿ ಮೊದಲ ಬಾರಿಗೆ ಬೆಳಕಿನ ಗೆರೆಗಳು ಕಂಡವು. ಲೀಲಕ್ಕ ಕತ್ತೆತ್ತಿ ನೋಡುತ್ತಾ ನಿಂತಿದ್ದರು. ನಾಲ್ಕು ನಿಮಿಷವಾಗಿರಬಹುದು. ಸೂಜಿ ಸೊನ್ನೆಗೆ ಬಿತ್ತು. ತಟ್ಟೆ ನಿಂತಿತು.

ಲೀಲಕ್ಕ ಹಲಗೆಗೆ ಅಂಗೈ ಒತ್ತಿ ಹಿಡಿದರು. "ಹೋಗ್ತಾ ಇದ್ದಾರೆ ಸಾರ್. ಇನ್ನೂ ಸ್ವಲ್ಪ ಬಿಸಿ ಉಂಟು," ಎಂದರು.

ನಾನು ಒಳಗೆ ಹೋಗಿ ಅವರ ಕೈಯ ಪಕ್ಕದಲ್ಲಿ ನನ್ನ ಕೈ ಇಟ್ಟೆ. ರಸ್ತೆಯಲ್ಲಿ ಬೆಳ್ತಂಗಡಿಯ ಬಸ್ಸು ಹಾರ್ನ್ ಹೊಡೆಯುತ್ತಾ ಬಂದು ನಿಂತಿತು, ಹೊರಟಿತು. ಹಲಗೆ ಪೂರ್ತಿ ತಣ್ಣಗಾಗಲು ಅರ್ಧ ಗಂಟೆ ಬೇಕಾಯಿತು. ಅಷ್ಟು ಹೊತ್ತೂ ನಾನು ಅಲ್ಲೇ ನಿಂತಿದ್ದೆ.